ಮಳೆ ಹಿಡಿಯುವ ಮೊದಲು ಅಂಗನವಾಡಿಯಲ್ಲಿ ಆಗಬೇಕಾದ ತರಬೇತಿ

ಜೂನ್ ಮೊದಲ ವಾರ ಮೃಗಶಿರ ಮಳೆ ಹಿಡಿಯುತ್ತದೆ. ಅದರ ಬೆನ್ನಿಗೇ ನಮ್ಮ ಉತ್ತರ ಕನ್ನಡ ಜಿಲ್ಲೆಯ ಪುಟ್ಟ ಮಕ್ಕಳಲ್ಲಿ ವಾಂತಿಭೇದಿ, ಕೆಮ್ಮು-ದಮ್ಮು, ಕಜ್ಜಿ, ಕೈ-ಕಾಲು-ಬಾಯಲ್ಲಿ ಗುಳ್ಳೆ ಏಳುವ ಜ್ವರ ಎಲ್ಲ ಶುರು. ಹಾಗಾಗಿ ಮಕ್ಕಳ ಆರೋಗ್ಯದ ಬಗ್ಗೆ ಅಂಗನವಾಡಿ ಅಕ್ಕೋರಿಗೆ ತರಬೇತಿ ಕೊಡುವುದಿದ್ದರೆ ಅದು ಮೇ ತಿಂಗಳೊಳಗೆ ಮುಗಿಯಬೇಕು. ಎಲ್ಲಿ ಕೊಡಬೇಕು ಎಂಬುದು ಅದಕ್ಕಿಂತ ಮುಖ್ಯ. ತಾಲೂಕು ಕೇಂದ್ರದ ಸಭಾಭವನದಲ್ಲಿ ನೂರು ಜನರನ್ನು ಕೂರಿಸಿ ಪರದೆ ಮೇಲೆ ತೋರಿಸಿದ್ದು ಊರಿಗೆ ಹೋಗುವಷ್ಟರಲ್ಲಿ ಅರ್ಧ ಮರೆತಿರುತ್ತದೆ. ತೂಕದ ಯಂತ್ರ, ಬಾವಿಕಟ್ಟೆ, ಒಲೆ, ಬಚ್ಚಲು, ಅಳುವ ಮಗು ಇವೆಲ್ಲ ಎದುರಿಗೇ ಇರುವ ಜಾಗದಲ್ಲಿ ಕಲಿತದ್ದು ಮಾತ್ರ ಕೈಯಲ್ಲಿ ಉಳಿಯುತ್ತದೆ. ಆ ಜಾಗ ಅಂಗನವಾಡಿಯೇ.

ಒಂದು ವಲಯದ ಎಂಟು-ಹತ್ತು ಕೇಂದ್ರದವರು ಒಂದು ಅಂಗನವಾಡಿಯಲ್ಲಿ ಸೇರಿದರೆ ಸಾಕು. ಇಪ್ಪತ್ತಕ್ಕಿಂತ ಹೆಚ್ಚು ಜನ ಬೇಡ. ಅದಕ್ಕಿಂತ ಹೆಚ್ಚಾದರೆ ಹಿಂದೆ ನಿಂತವರು ಬರೀ ನೋಡಿ ಹೋಗುತ್ತಾರೆ. ಕಾರ್ಯಕರ್ತೆಯ ಜತೆ ಸಹಾಯಕಿಯೂ ಬರಲೇಬೇಕು. ಈ ಮಾತನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ. ನೀರು ಸೇದುವುದು, ಅಡುಗೆ ಮಾಡುವುದು, ಮಗುವಿನ ಕುಂಡೆ ತೊಳೆಯುವುದು, ಬಡಿಸುವುದು ಎಲ್ಲ ಸಹಾಯಕಿಯ ಕೈಯಲ್ಲೇ. ಭೇದಿ ಹರಡುವುದೂ ನಿಲ್ಲುವುದೂ ಆ ಕೈಯಿಂದಲೇ. ತರಬೇತಿಯ ಕರೆ ಮಾತ್ರ ಹೆಚ್ಚಾಗಿ ಕಾರ್ಯಕರ್ತೆಗೆ ಹೋಗುತ್ತದೆ. ಆಶಾ ಕಾರ್ಯಕರ್ತೆ, ಉಪಕೇಂದ್ರದ ನರ್ಸಮ್ಮ ಇಬ್ಬರೂ ಅದೇ ದಿನ ಬಂದರೆ ಯಾವಾಗ ಯಾರಿಗೆ ಫೋನ್ ಮಾಡಬೇಕು ಎಂಬುದು ಅಲ್ಲೇ ಇತ್ಯರ್ಥವಾಗುತ್ತದೆ.

ಮೊದಲ ಪಾಠ ತೂಕ ಮತ್ತು ಎತ್ತರದ್ದೇ ಆಗಲಿ. ಸುಲಭ ಅನಿಸುವ ಈ ಕೆಲಸದಲ್ಲೇ ತಪ್ಪು ಜಾಸ್ತಿ. ಮಕ್ಕಳ ತೂಕ-ಎತ್ತರ ದಾಖಲಿಸುವ ಸರಕಾರಿ ಮೊಬೈಲ್ ಆ್ಯಪ್ ಪೋಷಣ್ ಟ್ರ್ಯಾಕರಿಗೆ ತಪ್ಪು ಅಂಕಿ ಹೋದರೆ ಬಡಕಲಾದ ಮಗು ಆರೋಗ್ಯವಂತ ಪಟ್ಟಿಗೆ ಸೇರಿಬಿಡುತ್ತದೆ, ಅದಕ್ಕೆ ಸಿಗಬೇಕಾದ ಆಹಾರವೂ ಔಷಧವೂ ತಪ್ಪುತ್ತದೆ. ಯಂತ್ರ ಸಮತಟ್ಟಾದ ಜಾಗದಲ್ಲಿರಬೇಕು. ಸಗಣಿ ಸಾರಿಸಿದ ನೆಲವೋ ಹಳೆಯ ಚಿರೇಕಲ್ಲಿನ ನೆಲವೋ ಆದರೆ ಕೆಳಗೊಂದು ಗಟ್ಟಿ ಹಲಗೆ ಹಾಕಿ. ಪ್ರತಿ ಮಗುವಿಗೂ ಮುಂಚೆ ಸೊನ್ನೆ ತೋರಿಸುತ್ತಿದೆಯೇ ನೋಡಿ. ಮಳೆಗಾಲದ ಥಂಡಿಗೆ ಬ್ಯಾಟರಿ ಸೊರಗಿದರೆ ಅಂಕಿ ಕುಣಿಯುತ್ತದೆ; ಒಂದು ಜತೆ ಹೊಸ ಬ್ಯಾಟರಿ ಯಾವಾಗಲೂ ಕಪಾಟಿನಲ್ಲಿರಲಿ. ಒದ್ದೆ ಬಟ್ಟೆ, ಸ್ವೆಟರ್, ಚಪ್ಪಲಿ, ಗೆಜ್ಜೆ, ಬೆಳ್ಳಿ ಉಡಿದಾರ ಎಲ್ಲ ತೆಗೆದು, ಊಟಕ್ಕೆ ಮುಂಚೆ ತೂಗಬೇಕು. ಮಗು ಯಂತ್ರದ ಮೇಲೆ ನಿಲ್ಲದೆ ಹಟ ಮಾಡಿದರೆ ಮೊದಲು ತಾಯಿಯನ್ನೊಮ್ಮೆ, ಆಮೇಲೆ ಮಗುವನ್ನು ಎತ್ತಿಕೊಂಡ ತಾಯಿಯನ್ನೊಮ್ಮೆ ತೂಗಿ ಕಳೆದರಾಯಿತು. ಗೋಡೆ ಹಿಡಿದು ನಿಂತ ಮಗುವಿನ ತೂಕ ಬರೆಯಬೇಡಿ.

ಎತ್ತರ ಅಳೆಯಲು ಇಬ್ಬರು ಬೇಕೇಬೇಕು. 2 ವರ್ಷದೊಳಗಿನ ಮಗುವನ್ನು ಮಲಗಿಸಿ ಅಳೆಯಬೇಕು, 2 ತುಂಬಿದ ಮಗುವನ್ನು ನಿಲ್ಲಿಸಿ. ಮಲಗಿಸಿದಾಗ ಒಬ್ಬರು ತಲೆಯನ್ನು ಹಲಗೆಗೆ ತಾಗಿಸಿ ಹಿಡಿಯುತ್ತಾರೆ, ಇನ್ನೊಬ್ಬರು ಮಂಡಿಯನ್ನು ಮೆಲ್ಲನೆ ಒತ್ತಿ ಪಾದಕ್ಕೆ ಹಲಗೆ ತರುತ್ತಾರೆ. ಮಂಡಿ ಮಡಚಿಕೊಂಡೇ ಇದ್ದರೆ ಎರಡು ಸೆಂ.ಮೀ. ಸುಲಭವಾಗಿ ಕಡಿಮೆ ಬರುತ್ತದೆ. ನಿಲ್ಲಿಸಿದಾಗ ಹಿಮ್ಮಡಿ, ಕುಂಡೆ, ಹೆಗಲೆಲುಬು, ತಲೆಯ ಹಿಂಭಾಗ ಗೋಡೆಗೆ ತಾಗಿರಬೇಕು, ದೃಷ್ಟಿ ನೇರ ಮುಂದೆ. ಹೆಣ್ಣುಮಕ್ಕಳ ಜುಟ್ಟು ಬಿಚ್ಚಿಸಿ. 2 ದಾಟಿದ ಮಗುವನ್ನು ನಿಲ್ಲಲಾಗದ ಕಾರಣಕ್ಕೆ ಮಲಗಿಸಿಯೇ ಅಳೆದರೆ ಬಂದ ಅಂಕಿಯಲ್ಲಿ 0.7 ಸೆಂ.ಮೀ. ಕಳೆಯಬೇಕು. ತರಬೇತಿಯಲ್ಲಿ ಒಂದೇ ಮಗುವನ್ನು ಇಬ್ಬಿಬ್ಬರ ಎರಡು ಜೋಡಿ ಬೇರೆಬೇರೆಯಾಗಿ ಅಳೆದು, ಚೀಟಿಯಲ್ಲಿ ಬರೆದು, ಆಮೇಲೆ ಹೋಲಿಸಬೇಕು. ಅರ್ಧ ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಮತ್ತೆ ಅಳೆಯುವುದು. ಅರ್ಧ ದಿನ ಇದಕ್ಕೇ ಹೋದರೂ ಚಿಂತೆಯಿಲ್ಲ.

ತೋಳಿನ ಸುತ್ತಳತೆಯ ಪಟ್ಟಿ ಇದ್ದರೆ 6ರಿಂದ 59 ತಿಂಗಳ ಮಕ್ಕಳಿಗೆ ಅದೂ ಕಲಿಯಬೇಕು. ಎಡತೋಳನ್ನು ಮಡಚಿ ಹೆಗಲ ತುದಿಯಿಂದ ಮೊಣಕೈವರೆಗಿನ ನಡುವಿಗೆ ಪೆನ್ನಿನಲ್ಲಿ ಗುರುತು ಮಾಡಿ, ತೋಳನ್ನು ಇಳಿಬಿಟ್ಟ ಮೇಲೆ ಪಟ್ಟಿ ಸುತ್ತಬೇಕು. ಚರ್ಮ ಸುಕ್ಕಾದರೆ ಬಿಗಿ ಹೆಚ್ಚಾಯಿತು. ಪಟ್ಟಿಯ ಕೆಳಗೆ ಸಂದು ಕಂಡರೆ ಸಡಿಲವಾಯಿತು. 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ, 11.5ರಿಂದ 12.5ರೊಳಗೆ ಮಧ್ಯಮ. ಕಡೆಗೆ ಎರಡೂ ಪಾದಗಳ ಮೇಲ್ಭಾಗವನ್ನು ಹೆಬ್ಬೆರಳಿನಿಂದ 3 ಸೆಕೆಂಡ್ ಒತ್ತಿ ಬಿಡಿ. ಎರಡರಲ್ಲೂ ಗುಳಿ ಹಾಗೇ ಉಳಿದರೆ ಅದು ಬಾವು. ಬಾವಿನ ನೀರೂ ತೂಕಕ್ಕೆ ಸೇರುವುದರಿಂದ ಆ ಮಗುವಿನ ತೂಕ ಸರಿಯಾಗಿಯೇ ತೋರುತ್ತದೆ, ನೋಡಿದವರಿಗೂ ಮೈತುಂಬಿಕೊಂಡಂತೆ ಕಾಣುತ್ತದೆ. ತೂಕ ಎಷ್ಟೇ ಇರಲಿ, ಎರಡೂ ಪಾದದಲ್ಲಿ ಬಾವಿದ್ದ ಮಗುವನ್ನು ಅವತ್ತೇ ಆಸ್ಪತ್ರೆಗೆ ಕಳಿಸಬೇಕು.

ಇನ್ನು ನೀರು. ಕಾರವಾರದಿಂದ ಭಟ್ಕಳದವರೆಗೂ, ಘಟ್ಟದ ಮೇಲೂ, ಹೆಚ್ಚಿನ ಕೇಂದ್ರಗಳಿಗೆ ಪಕ್ಕದ ತೆರೆದ ಬಾವಿಯೇ ಗತಿ. ಚಿರೇಕಲ್ಲಿನ ಮಣ್ಣಿನಲ್ಲಿ ನೀರು ಬೇಗ ಇಂಗಿ ಹರಿಯುತ್ತದೆ; ಮಳೆಗಾಲದಲ್ಲಿ ಬಾವಿಯ ನೀರು ಕೈಗೆ ಸಿಗುವಷ್ಟು ಮೇಲೆ ಬಂದಾಗ ಪಾಯಖಾನೆ ಗುಂಡಿಯ, ಕೊಟ್ಟಿಗೆಯ ಹೊಲಸು ಅದಕ್ಕೆ ಸೇರುವುದು ಇನ್ನೂ ಸುಲಭ. ಬ್ಲೀಚಿಂಗ್ ಪೌಡರನ್ನು ಒಂದು ಹಿಡಿ ಎಸೆದು ಬಿಡುವುದು ಎಲ್ಲ ಕಡೆ ರೂಢಿಯಲ್ಲಿದೆ. ಅದರಿಂದ ಉಪಯೋಗ ಕಡಿಮೆ. ಲೆಕ್ಕ ಹೀಗೆ: ಬಾವಿಯ ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಿ. ಅಳತೆಗಳು ಮೀಟರಿನಲ್ಲಿದ್ದರೆ ಉತ್ತರ ಘನ ಮೀಟರಿನಲ್ಲಿ ಬರುತ್ತದೆ. ಒಂದು ಘನ ಮೀಟರ್ ಅಂದರೆ 1000 ಲೀಟರ್. 1000 ಲೀಟರಿಗೆ ಒಳ್ಳೆಯ ಪೌಡರ್ 2.5 ಗ್ರಾಂ. 2 ಮೀಟರ್ ವ್ಯಾಸದ ಬಾವಿಯಲ್ಲಿ ಮೇ ತಿಂಗಳಲ್ಲಿ 3 ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್, ಅದಕ್ಕೆ 24 ಗ್ರಾಂ. ಅದೇ ಬಾವಿ ಜುಲೈಯಲ್ಲಿ 6 ಮೀಟರ್ ತುಂಬಿದರೆ 47 ಗ್ರಾಂ ಬೇಕು. ಬೇಸಿಗೆಯ ಅಳತೆಯನ್ನೇ ಮಳೆಗಾಲದಲ್ಲಿ ಹಾಕಿದರೆ ಅರ್ಧದಷ್ಟೂ ಕೆಲಸವಾಗದು. ಆದ್ದರಿಂದ ಹಗ್ಗಕ್ಕೆ ಕಲ್ಲು ಕಟ್ಟಿ ಆಳ ಅಳೆಯುವುದನ್ನು ತರಬೇತಿಯ ದಿನವೇ ಎಲ್ಲರ ಕೈಯಲ್ಲೂ ಮಾಡಿಸಿ.

ತೂಗಿದ ಪೌಡರನ್ನು ಪ್ಲಾಸ್ಟಿಕ್ ಬಕೆಟಿನಲ್ಲಿ ಸ್ವಲ್ಪ ನೀರು ಹಾಕಿ ಹಿಟ್ಟಿನ ಹದಕ್ಕೆ ಕಲಸಿ, ಮುಕ್ಕಾಲು ಬಕೆಟ್ ನೀರು ಹಾಕಿ ತಿರುವಿ, ಐದು-ಹತ್ತು ನಿಮಿಷ ಬಿಡಬೇಕು. ಸುಣ್ಣ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟಿಗೆ ಬಗ್ಗಿಸಿ ಬಾವಿಗೆ ಇಳಿಸಿ, ನೀರಿನೊಳಗೆ ಮೇಲೆ-ಕೆಳಗೆ ಎಳೆದಾಡಿ ಬೆರೆಸಬೇಕು. ಸುಣ್ಣದ ಗಸಿ ಬಾವಿಗೆ ಬೀಳಬಾರದು, ನೀರು ಗಡುಸಾಗುತ್ತದೆ. ಕನಿಷ್ಠ 1 ಗಂಟೆ ನೀರು ಸೇದುವಂತಿಲ್ಲ; ಸಂಜೆ ಎಲ್ಲರ ನೀರು ಸೇದಿ ಮುಗಿದ ಮೇಲೆ ಹಾಕಿದರೆ ಅನುಕೂಲ. ಗಂಟೆಯ ನಂತರ ಪರೀಕ್ಷೆ ಕಿಟ್ಟಿನಲ್ಲಿ ಲೀಟರಿಗೆ 0.5 ಮಿ.ಗ್ರಾಂ ಕ್ಲೋರಿನ್ ಉಳಿದಿರಬೇಕು. ಉಳಿಯದಿದ್ದರೆ ಪೌಡರ್ ಹಳಸಿದೆ ಅಥವಾ ನೀರಿನಲ್ಲಿ ಹೊಲಸು ಜಾಸ್ತಿ ಇದೆ. ನಮ್ಮ ಕಡೆಯ ಮಳೆಗಾಲದಲ್ಲಿ ಬಾಯಿ ತೆರೆದಿಟ್ಟ ಚೀಲ ಬೇಗ ಗಂಟು ಕಟ್ಟಿ ಶಕ್ತಿ ಕಳೆದುಕೊಳ್ಳುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ, ಮಕ್ಕಳ ಕೈಗೆ ಎಟುಕದಂತೆ ಇಡಬೇಕು. ಬಾವಿಗೆ ಹಾಕಿದರೂ ಮಕ್ಕಳ ಕುಡಿಯುವ ನೀರನ್ನು ಕುದಿಸಿಯೇ ಕೊಡಿ: ಗುಳ್ಳೆ ಎದ್ದು ಚೆನ್ನಾಗಿ ಕುದಿ ಬಂದ ಮೇಲೆ ಇನ್ನೂ 1 ನಿಮಿಷ. ಮುಚ್ಚಿಟ್ಟ ಪಾತ್ರೆಯಿಂದ ಉದ್ದ ಹಿಡಿಯ ಸೌಟಿನಲ್ಲೇ ತೆಗೆಯಿರಿ. ಲೋಟ ಅದ್ದಿದರೆ ಬೆರಳೂ ಅದ್ದಿದಂತೆ.

ಕೈ ತೊಳೆಯುವುದನ್ನು ಮಾತಿನಲ್ಲಿ ಕಲಿಸಲು ಹೋಗಬೇಡಿ. ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ ಎಲ್ಲರ ಕೈಗೂ ಸವರಿ, ಯಾವಾಗಲೂ ತೊಳೆಯುವ ಹಾಗೇ ತೊಳೆದುಕೊಂಡು ಬರಲು ಹೇಳಿ. ಹೆಬ್ಬೆರಳ ಬುಡ, ಉಗುರಿನ ಸಂದು, ಬೆರಳುಗಳ ನಡುವೆ ಹಳದಿ ಉಳಿದಿರುವುದು ಅವರಿಗೇ ಕಾಣುತ್ತದೆ. ಸಾಬೂನು ಹಾಕಿ 20 ಸೆಕೆಂಡ್ ತಿಕ್ಕಬೇಕು. ಸಾಬೂನು ಕರಗಿ ಹೋಗುತ್ತದೆ, ಕಾಗೆ ಎತ್ತಿಕೊಂಡು ಹೋಗುತ್ತದೆ ಎಂಬ ದೂರಿಗೆ ಉಪಾಯ, ಹಳೆಯ ಕಾಲುಚೀಲದಲ್ಲಿ ಹಾಕಿ ನಲ್ಲಿಯ ಪಕ್ಕ ಮಕ್ಕಳ ಎತ್ತರಕ್ಕೆ ತೂಗು ಹಾಕುವುದು.

ಭೇದಿ ಶುರುವಾದಾಗ ಓಆರ್‌ಎಸ್ ಕೊಡಬೇಕೆಂದು ಎಲ್ಲರಿಗೂ ಗೊತ್ತು. ಕಲಸುವುದರಲ್ಲೇ ಎಡವಟ್ಟು. ಸರಕಾರಿ ಪೊಟ್ಟಣ ಪೂರ್ತಿ 1 ಲೀಟರ್ ನೀರಿಗೆ. ಪೊಟ್ಟಣದಿಂದ ಒಂದು ಚಮಚ ತೆಗೆದು ಲೋಟಕ್ಕೆ ಹಾಕಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ. ಎರಡು ಲೀಟರಿಗೆ ಹಾಕಿದರೆ ಪ್ರಯೋಜನವಿಲ್ಲ. ಪ್ರತಿ ಕೇಂದ್ರದಲ್ಲೂ ಚೊಂಬಿನ ಅಳತೆ ಬೇರೆ, ಆದ್ದರಿಂದ ಲೀಟರಿನ ನೀರಿನ ಬಾಟಲಿಯಿಂದ ಅಳೆದು ಒಂದು ಪಾತ್ರೆಯ ಒಳಗೆ ಗೀರು ಹಾಕಿಡಿ. ಸಕ್ಕರೆ, ಹಾಲು, ಶರಬತ್ತು ಬೆರೆಸಬಾರದು, ಕಲಸಿದ ಮೇಲೆ ಕುದಿಸಲೂ ಬಾರದು. 24 ಗಂಟೆ ಕಳೆದರೆ ಚೆಲ್ಲಿ ಹೊಸದು ಮಾಡಬೇಕು. ಪ್ರತಿ ಸಲ ನೀರಾಗಿ ಹೋದ ಮೇಲೆ 2 ವರ್ಷದೊಳಗಿನ ಮಗುವಿಗೆ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡ ಮಗುವಿಗೆ 100ರಿಂದ 200 ಮಿ.ಲೀ. ಚಮಚ ಚಮಚವಾಗಿ ಕೊಡಬೇಕು. ವಾಂತಿಯಾದರೆ 10 ನಿಮಿಷ ಬಿಟ್ಟು ಇನ್ನೂ ನಿಧಾನಕ್ಕೆ. ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಬಣ್ಣದ ಸಿಹಿ ಪಾನೀಯ ಓಆರ್‌ಎಸ್ ಅಲ್ಲ, ಅದರಲ್ಲಿರುವ ಸಕ್ಕರೆ ಭೇದಿಯನ್ನು ಹೆಚ್ಚಿಸುತ್ತದೆ. ಜತೆಗೆ ಜಿಂಕ್ ಮಾತ್ರೆ 14 ದಿನ: 6 ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿ.ಗ್ರಾಂ, 2ರಿಂದ 6 ತಿಂಗಳಿನದಕ್ಕೆ 10. ಮೂರನೇ ದಿನಕ್ಕೆ ಭೇದಿ ನಿಂತರೆ ಮನೆಯವರು ಮಾತ್ರೆಯನ್ನೂ ನಿಲ್ಲಿಸುತ್ತಾರೆ. ಉಳಿದ ದಿನಗಳ ಮಾತ್ರೆಯೇ ಮುಂದಿನ ತಿಂಗಳುಗಳ ಭೇದಿಯನ್ನು ತಡೆಯುವುದು ಎಂದು ಆಯಿಗೂ (ತಾಯಿಗೂ) ಅಜ್ಜಿಗೂ ಕೂರಿಸಿ ಹೇಳಬೇಕು. ಗಂಜಿ, ಮೊಸರನ್ನ, ಎದೆಹಾಲು ಯಾವುದನ್ನೂ ನಿಲ್ಲಿಸುವಂತಿಲ್ಲ. ಕಣ್ಣು ಗುಳಿಬಿದ್ದರೆ, ಹೊಟ್ಟೆಯ ಚರ್ಮ ಚಿವುಟಿದಾಗ ನಿಧಾನಕ್ಕೆ ಇಳಿದರೆ, ಮಗು ಕುಡಿಯಲಾರದಷ್ಟು ಮಂಕಾದರೆ, ಮಲದಲ್ಲಿ ರಕ್ತ ಕಂಡರೆ 108ಕ್ಕೆ ಕರೆ ಮಾಡಿ.

ಕೆಮ್ಮಿನ ಮಗುವಿನ ಉಸಿರು ಎಣಿಸುವುದು ಪ್ರತಿಯೊಬ್ಬರಿಗೂ ಬರಬೇಕಾದ ಇನ್ನೊಂದು ವಿದ್ಯೆ. ಮಗು ತಾಯಿಯ ಮಡಿಲಲ್ಲಿ ಶಾಂತವಾಗಿರಬೇಕು. ಅಂಗಿ ಮೇಲೆತ್ತಿ, ಮೊಬೈಲಿನಲ್ಲಿ ಪೂರ್ತಿ 1 ನಿಮಿಷ ಇಟ್ಟು, ಹೊಟ್ಟೆ ಏರಿ ಇಳಿದದ್ದನ್ನು ಒಂದು ಎಂದು ಎಣಿಸಿ. ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ, ಆದ್ದರಿಂದ ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಲೆಕ್ಕ ಇಲ್ಲಿ ನಡೆಯದು. 2ರಿಂದ 12 ತಿಂಗಳಿನ ಮಗುವಿಗೆ 50 ಅಥವಾ ಹೆಚ್ಚು, 1ರಿಂದ 5 ವರ್ಷದ ಮಗುವಿಗೆ 40 ಅಥವಾ ಹೆಚ್ಚು ಬಂದರೆ ನ್ಯುಮೋನಿಯಾ ಇರಬಹುದು, ಅದೇ ದಿನ ವೈದ್ಯರಿಗೆ ತೋರಿಸಬೇಕು. ಉಸಿರೆಳೆದಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಸೇದಿಕೊಂಡರೆ ಎಣಿಸುತ್ತ ಕೂರಬೇಡಿ, ಕೂಡಲೇ ಹೊರಡಿಸಿ. ಇದನ್ನು ಕಲಿಸಲು ಮಲಗಿದ ಆರೋಗ್ಯವಂತ ಮಗುವಿನ ಉಸಿರನ್ನೇ ಮೂರ್ನಾಲ್ಕು ಜನ ಒಟ್ಟಿಗೆ ಎಣಿಸಿ ಉತ್ತರ ಹೋಲಿಸಬಹುದು.

ಸರಕಾರದ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಕೂಸುಗಳಿಗೆ ಪಂಚಾಯಿತಿಗಳಲ್ಲಿ ತೆರೆದಿರುವ ಕೂಸಿನ ಮನೆಗಳಲ್ಲಿ ಆರೈಕೆದಾರರು ಸರದಿಯ ಮೇಲೆ ಬದಲಾಗುತ್ತಾರೆ. ಹಾಗಾಗಿ ಒಮ್ಮೆ ಕೊಟ್ಟ ತರಬೇತಿ ಅಲ್ಲಿ ಉಳಿಯುವುದಿಲ್ಲ. ಹೊರಡುವವರು ಬರುವವರ ಜತೆ ಕನಿಷ್ಠ ಮೂರು ದಿನ ಒಟ್ಟಿಗಿದ್ದು ಕೆಲಸ ಒಪ್ಪಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿನವರಿಗೆ ಊಟದ ಹದ ಮುಖ್ಯ. ಕುಚ್ಚಲಕ್ಕಿ ಗಂಜಿಯ ತಿಳಿ ಕುಡಿಸಿದರೆ ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ. ಚಮಚ ಓರೆ ಮಾಡಿದರೂ ಸುಲಭಕ್ಕೆ ಜಾರದಷ್ಟು ಮಂದ ಇರಬೇಕು. ಅನ್ನ ನುರಿದು, ತೊವ್ವೆ ಸೇರಿಸಿ, ಒಂದು ಚಮಚ ತುಪ್ಪವೋ ಕೊಬ್ಬರಿ ಎಣ್ಣೆಯೋ ಹಾಕಿ. ಮೀನು ತಿನ್ನುವ ಮನೆಯಾದರೆ ಮುಳ್ಳು ಬೆರಳಿನಿಂದ ತಡಕಿ ತೆಗೆದ ಮೀನೂ ಆಗುತ್ತದೆ. 250 ಮಿ.ಲೀ. ಬಟ್ಟಲಿನಲ್ಲಿ 9ರಿಂದ 11 ತಿಂಗಳ ಕೂಸಿಗೆ ಒಂದು ಹೊತ್ತಿಗೆ ಅರ್ಧ, 1ರಿಂದ 2 ವರ್ಷದ್ದಕ್ಕೆ ಮುಕ್ಕಾಲರಿಂದ ಪೂರ್ತಿ. ಶಿರಸಿ ಕಡೆ ಮನೆಮನೆಯಲ್ಲೂ ಜೇನು ಇರುತ್ತದೆ, ಆದರೆ 1 ವರ್ಷ ತುಂಬುವವರೆಗೆ ನಾಲಿಗೆಗೂ ಸವರಬಾರದು; ಅದರಲ್ಲಿ ಇರಬಹುದಾದ ಒಂದು ಬಗೆಯ ಸೂಕ್ಷ್ಮಾಣು ಎಳೆಯ ಕರುಳಿನಲ್ಲಿ ಬೆಳೆದು ನರಗಳನ್ನು ಸೋಲಿಸುತ್ತದೆ. ಕೂಸನ್ನು ಯಾವಾಗಲೂ ಅಂಗಾತ ಮಲಗಿಸಿ, ದಿಂಬು ಬೇಡ.

ಗಂಟಲಿಗೆ ಸಿಕ್ಕಿಕೊಳ್ಳುವ ವಸ್ತುಗಳಿಗೆ ನಮ್ಮಲ್ಲಿ ಬರವಿಲ್ಲ: ಅಡಿಕೆ ಹೋಳು, ಹಲಸಿನ ಬೇಳೆ, ಶೇಂಗಾ, ಮುರುಗಲ ಬೀಜ. ಶೇಂಗಾ ಕೊಡುವುದಿದ್ದರೆ ಪುಡಿ ಮಾಡಿಯೇ ಕೊಡಬೇಕು. ಮಗು ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಸದ್ದೇ ಬರದೆ ಮುಖ ನೀಲಿಯಾಗುತ್ತಿದ್ದರೆ ಮುಂದಕ್ಕೆ ಬಗ್ಗಿಸಿ ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ 5 ಏಟು. ಹೊರಬರದಿದ್ದರೆ 1 ವರ್ಷ ದಾಟಿದ ಮಗುವಿಗೆ ಹಿಂದಿನಿಂದ ತಬ್ಬಿ ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಒಳಕ್ಕೂ ಮೇಲಕ್ಕೂ 5 ಸಲ ಒತ್ತಬೇಕು. ಅದಕ್ಕಿಂತ ಚಿಕ್ಕ ಕೂಸಿಗೆ ಹೊಟ್ಟೆ ಒತ್ತಲೇಬಾರದು, ಮೊಲೆತೊಟ್ಟುಗಳ ನಡುವಿನ ಗೆರೆಗೆ ಸ್ವಲ್ಪ ಕೆಳಗೆ ಎದೆಯನ್ನು ಒಂದು ಅಂಗೈಯ ಬುಡದಿಂದ 5 ಸಲ. ವಸ್ತು ಕಣ್ಣಿಗೆ ಕಾಣದಿದ್ದರೆ ಬಾಯಿಗೆ ಬೆರಳು ಹಾಕಿ ತಡಕಾಡಬೇಡಿ, ಇನ್ನೂ ಒಳಗೆ ಹೋಗುತ್ತದೆ. ಇದನ್ನು ಗೊಂಬೆಯ ಮೇಲೆ ಪ್ರತಿಯೊಬ್ಬರೂ ಮಾಡಿ ತೋರಿಸಲಿ. ಜೀವಂತ ಮಗುವಿನ ಮೇಲೆ ಅಭ್ಯಾಸ ಬೇಡ.

ಔಷಧಗಳ ಮಾತು ಚಿಕ್ಕದು. ಕಬ್ಬಿಣದ ಸಿರಪ್ 6ರಿಂದ 59 ತಿಂಗಳ ಮಗುವಿಗೆ ವಾರಕ್ಕೆ 2 ಸಲ, ಸಲಕ್ಕೆ 1 ಮಿ.ಲೀ., ಊಟದ ನಂತರ. ಹಾಲಿನ ಜತೆ ಬೇಡ. ಮಲ ಕಪ್ಪಾಗುವುದು ಸಹಜ ಎಂದು ಮೊದಲೇ ಹೇಳದಿದ್ದರೆ ಮನೆಯವರು ಹೆದರಿ ಬಾಟಲಿ ಬದಿಗಿಡುತ್ತಾರೆ. ಜಂತುಹುಳದ ಆಲ್ಬೆಂಡಜೋಲ್ 1ರಿಂದ 2 ವರ್ಷದವರಿಗೆ 200 ಮಿ.ಗ್ರಾಂ, ಅಂದರೆ ಅರ್ಧ ಮಾತ್ರೆ, 2 ದಾಟಿದವರಿಗೆ 400. ಚಿಕ್ಕವರಿಗೆ ಪುಡಿ ಮಾಡಿ ನೀರಿನಲ್ಲಿ ಕಲಸಿ, ದೊಡ್ಡವರಿಗೆ ಎದುರಿಗೇ ಜಗಿಸಿ. ಜ್ವರವಿರುವ ಮಗುವಿಗೆ ಆ ದಿನ ಎರಡೂ ಬೇಡ.

ನೀರಿನ ಅಪಾಯಕ್ಕೆ ಬಾವಿ, ತೋಟದ ಹೊಂಡ, ಹಳ್ಳ ಮಾತ್ರ ಕಾರಣವಲ್ಲ. ತಪ್ಪುಹೆಜ್ಜೆ ಇಡುವ ಮಗು ಬಕೆಟಿನ ತಳದ ನಾಲ್ಕು ಬೆರಳು ನೀರಿನಲ್ಲೂ ಸದ್ದಿಲ್ಲದೆ ಮುಳುಗಬಲ್ಲದು. ಬಳಸಿದ ಬಕೆಟನ್ನು ಬೋರಲು ಹಾಕುವುದು, ಬಾವಿಗೆ ಕಬ್ಬಿಣದ ಜಾಲರಿ, ಬಚ್ಚಲಿಗೆ ಮೇಲಿನ ಚಿಲಕ, ಹೊರಗೆ ಹೋಗಿ ಬಂದಾಗಲೆಲ್ಲ ತಲೆ ಎಣಿಕೆ. ಮುಳುಗಿದ ಮಗುವನ್ನು ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಹೊತ್ತು ಕಳೆಯುವ ಕೆಲಸ. ಉಸಿರಿಲ್ಲದಿದ್ದರೆ ಬಾಯಿಂದ ಉಸಿರು ಕೊಡುವುದರಿಂದಲೇ ಶುರು ಮಾಡಬೇಕು, ಆಮೇಲೆ ಎದೆ ಒತ್ತುವುದು. ಈ ಭಾಗವನ್ನು ಆಸ್ಪತ್ರೆಯವರಿಂದಲೇ ಕಲಿಯಿರಿ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬಾರದು, ಕೊಯ್ಯಬಾರದು. ಆ ಕೈಯೋ ಕಾಲೋ ಅಲುಗದಂತೆ ಪಟ್ಟಿ ಕೊಟ್ಟು ಆಸ್ಪತ್ರೆಗೆ ಎತ್ತಿಕೊಂಡು ಹೋಗುವುದು. ಸಿದ್ದಾಪುರದ ಕಡೆ ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ; ಮಂಗ ಸತ್ತ ಸುದ್ದಿಯಿದ್ದರೆ ಮಕ್ಕಳನ್ನು ಕಾಡಂಚಿಗೆ, ದರಕಿನ (ಒಣ ಎಲೆಯ) ರಾಶಿಗೆ ಬಿಡಬೇಡಿ, ಮೈಮೇಲೆ ಈ ಕಾಯಿಲೆ ಹರಡುವ ಉಣುಗು (ಉಣ್ಣೆ) ಇದೆಯೇ ದಿನಾ ನೋಡಿ.

ಮಗುವಿನ ಮನಸ್ಸಿನ ವಿಷಯ ತರಬೇತಿಯಲ್ಲಿ ಯಾವಾಗಲೂ ಕೊನೆಗೆ ಬಂದು ಅರ್ಧಕ್ಕೇ ನಿಲ್ಲುತ್ತದೆ. ಹೊಸದಾಗಿ ಬಂದ ಮಗುವಿನ ಜತೆ ಮೊದಲ ಕೆಲವು ದಿನ ಆಯಿಯೋ ಅಜ್ಜಿಯೋ ಕೂತಿರಲಿ, ದಿನದಿನಕ್ಕೆ ಹೊತ್ತು ಕಡಿಮೆ ಮಾಡಲಿ. ಕಣ್ಣು ತಪ್ಪಿಸಿ ಹೋಗುವುದು ಬೇಡ. ಹೇಳಿ ಹೋದರೆ ಅವತ್ತು ಅಳುತ್ತದೆ, ಕದ್ದು ಹೋದರೆ ಮುಂದೆ ಕೈ ಬಿಡಲೇ ಹೆದರುತ್ತದೆ. “ಸುಮ್ಮನಿರದಿದ್ದರೆ ಇಂಜೆಕ್ಷನ್ ಕೊಡಿಸ್ತೆ” ಎಂಬ ಬೆದರಿಕೆ ನಿಲ್ಲಲೇಬೇಕು, ಚುಚ್ಚುಮದ್ದಿನ ದಿನ ಅದರ ಫಲ ಉಣ್ಣುವವರು ನರ್ಸಮ್ಮ ಮತ್ತು ಅದೇ ಮಗು. ಕಾರವಾರದಲ್ಲಿ ಕೊಂಕಣಿ, ಜೋಯಿಡಾ-ಹಳಿಯಾಳದಲ್ಲಿ ಮರಾಠಿ, ಭಟ್ಕಳದಲ್ಲಿ ನವಾಯತಿ ಆಡುವ ಮನೆಗಳಿಂದ ಬರುವ ಮಕ್ಕಳು ಹೊಟ್ಟೆನೋವನ್ನು ಕನ್ನಡದಲ್ಲಿ ಹೇಳಲಾರರು. ನೀರು, ಹಸಿವು, ನೋವು, ಒಂದಕ್ಕೆ-ಎರಡಕ್ಕೆ ಇವಿಷ್ಟನ್ನು ಮಗುವಿನ ಮನೆಮಾತಿನಲ್ಲಿ ತಾಯಿಯಿಂದ ಕೇಳಿ ಗೋಡೆಗೆ ಅಂಟಿಸಿಕೊಳ್ಳಿ. 2 ವರ್ಷವಾದರೂ ಎರಡು ಶಬ್ದ ಜೋಡಿಸದ, ಕರೆದರೆ ತಿರುಗದ, ಮೊದಲು ಆಡುತ್ತಿದ್ದ ಮಾತು ಬಿಟ್ಟ ಮಗುವಿನ ಬಗ್ಗೆ “ಅವರ ಮನೆಯಲ್ಲಿ ಎಲ್ಲರೂ ತಡ” ಎಂದು ಬಿಡದೆ, ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರುವ ಬಾಲ ಸ್ವಾಸ್ಥ್ಯ ತಂಡದ ಪಟ್ಟಿಗೆ ಹೆಸರು ಹಾಕಿ. ಅವರು ಬರುವುದು ದೂರವಿದ್ದರೆ ಕಾಯದೆ ನರ್ಸಮ್ಮನಿಗೆ ತಿಳಿಸಿ.

ತರಬೇತಿ ಮುಗಿದ ಹದಿನೈದು ದಿನಕ್ಕೆ ಮೇಲ್ವಿಚಾರಕಿ ಪ್ರತಿ ಕೇಂದ್ರಕ್ಕೂ ಹೋಗಬೇಕು, ಪ್ರಶ್ನೆಪತ್ರಿಕೆ ಇಲ್ಲದೆ. ಒಂದು ಮಗುವನ್ನು ಅಳೆಸಿ ನೋಡುವುದು, ಒಂದು ಪೊಟ್ಟಣ ಓಆರ್‌ಎಸ್ ಕಲಸಿಸಿ ರುಚಿ ನೋಡುವುದು (ಕಣ್ಣೀರಿಗಿಂತ ಉಪ್ಪಾಗಿದ್ದರೆ ಅಳತೆ ತಪ್ಪಿದೆ), ಸಹಾಯಕಿಯಿಂದ ಬಾವಿಯ ಲೆಕ್ಕ ಹೇಳಿಸುವುದು, ಬ್ಲೀಚಿಂಗ್ ಡಬ್ಬಿಯ ಮುಚ್ಚಳ ಭದ್ರವಿದೆಯೇ, ಜಿಂಕ್ ಮಾತ್ರೆಯ ಅವಧಿ ಮುಗಿದಿಲ್ಲವೇ, 108 ಮತ್ತು ಹತ್ತಿರದ ಆಸ್ಪತ್ರೆಯ ಫೋನ್ ನಂಬರು ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿದೆಯೇ ನೋಡುವುದು. ಯಾವುದು ಬರಲಿಲ್ಲವೋ ಅದನ್ನು ಅಲ್ಲೇ ನಿಂತು ಇನ್ನೊಮ್ಮೆ ಮಾಡಿಸಬೇಕು. ಆಷಾಢದ ಮಳೆಯಲ್ಲಿ ಹಳ್ಳ ತುಂಬಿ ದಾರಿ ಕಟ್ಟುವ ಊರುಗಳಿಗೆ ಈ ಭೇಟಿ ಮೊದಲು ಆಗಲಿ, ರಸ್ತೆಬದಿಯ ಕೇಂದ್ರಗಳಿಗೆ ಆಮೇಲೆ ಹೋದರೂ ನಡೆಯುತ್ತದೆ.